ಎರಡೇ ಎರಡು ಗುಳಿಗೆ

೧೮೭೬, ಮಾರ್ಚ್ ೬, ಸೋಮವಾರ

ಸೋಫಾದ ಮೇಲೆ ಮಲಗಿರುವವಳಿಗೆ ಕಿವಿಯೂ ಕೇಳಿಸುವುದಿಲ್ಲ ಎಂದು ಈ ಮನೆಯವರು ತಿಳಿದುಕೊಂಡುಬಿಟ್ಟಿದ್ದಾರೆ. ಇವತ್ತು ಪಕ್ಕದ ಊಟದ ಕೋಣೆಯಲ್ಲಿ ಅತ್ತಿಗೆ ಅಣ್ಣನಿಗೆ ಹೇಳುತ್ತಿದ್ದದ್ದು ಒಂದಕ್ಷರ ಬಿಡದೆ ನನಗೆ ಕೇಳಿಸಿತು.

"ನಾನೇನು ಕೆಟ್ಟೋಳಲ್ಲಾರೀ. ಆದ್ರೆ ಸಮುದ್ರದ ದಡದಲ್ಲಿ ಇಂಥೋರಿಗೇ ಅಂತ ಒಂದು ಆಶ್ರಮ ಇದೆಯಂತೆ, ವಾಸಿಯಾಗದ ರೋಗಿಗಳಿಗೆ. ಗಾಳಿ ಚೆನ್ನಾಗಿರತ್ತೆ. ಬೇಸಿಗೆ ಕಳೆದ್ಮೇಲೆ ಡ್ರುಸಿಲಾನ ಅಲ್ಲಿಗೆ ಸೇರಿಸೋಣ. ಮುಂದಿನ ಕೋಣೇಲಿ ನಮ್ಮಮ್ಮ ಬಂದು ಇರ್ತಾಳೆ."

"ನೋಡೋಣ" ಅಂದ ಅಣ್ಣ. ಆಂಬ್ರೋಸ್ ಅಣ್ಣ ಧಾನ್ಯದ ವ್ಯಾಪಾರಿ. ಅವನು ನೋಡೋಣ ಅಂದನೆಂದರೆ ಮೂಟೆ ಆಗಲೇ ಗಾಡಿ ಹತ್ತಿತು ಅಂತ ಲೆಕ್ಕ.

ವಾಸಿಯಾಗದ ರೋಗಿ! ನಾನು! ಮೂವತ್ತಮೂರು ವರ್ಷಕ್ಕೆ! ಒಂಬತ್ತು ವರ್ಷದ ಕೆಳಗೆ ನನಗೆ ವಿಷಮಜ್ವರ ಬಂದಿತ್ತು. ಕಾಲಲ್ಲಿ ಬಲವಿಲ್ಲ, ಎರಡು ತಿಂಗಳು ಏಳಕೂಡದು ಅಂದರು ನಮ್ಮ ಹಳೇ ಡಾಕ್ಟರು. ಎರಡು ತಿಂಗಳು ತುಂಬುವ ಮೊದಲೇ ಪಾಪ ಅವರೇ ತೀರಿಕೊಂಡರು. ಇನ್ನು ಏಳಬಹುದು ಅಂತ ಹೇಳುವವರು ಯಾರೂ ಉಳಿಯಲಿಲ್ಲ. ಎದ್ದರೆ ತಲೆ ಸುತ್ತುತ್ತಿತ್ತು, ಮಂಡಿ ನಡುಗುತ್ತಿತ್ತು. ಮಲಗಿದೆ. ಮಲಗಿಯೇ ಇದ್ದೇನೆ. ಅಷ್ಟಕ್ಕೆ ಸಮುದ್ರದ ದಡಕ್ಕೆ ಒಯ್ದು ಎಸೆಯುತ್ತಾರೆಯೇ? ಸಿಟ್ಟಿನಿಂದ ಮೈ ಉರಿಯುತ್ತಿದೆ. ಸಂಜೆಯ ಗಂಜಿ ಮುಟ್ಟಲಿಲ್ಲ.

ಮಾರ್ಚ್ ೯, ಗುರುವಾರ

ಇವತ್ತು ಔಷಧಿ ಅಂಗಡಿಯ ಸೆಪ್ಟಿಮಸ್ ಗಾರ್ಬಟ್ ತಾವೇ ಮನೆಗೆ ಬಂದರು! ಪೇಟೆ ಬೀದಿಯಲ್ಲಿ ಕಿಟಕಿಗೆ ಕೆಂಪು ನೀರಿನದೊಂದು ಹಸಿರು ನೀರಿನದೊಂದು ದೊಡ್ಡ ಗಾಜಿನ ಬುರುಡೆ ಇಟ್ಟಿರುವ ಅಂಗಡಿ ಅವರದು. ನಮ್ಮ ಮಾರ್ಲ್‌ಬೆಕ್ ಊರಿನ ಕೆಮ್ಮು, ಹೊಟ್ಟೆನೋವು, ಹುಳುಕು ಹಲ್ಲು ಎಲ್ಲ ಹೋಗುವುದು ಅಲ್ಲಿಗೇ. ಬೋಳುತಲೆ, ಮೃದುವಾದ ಕೈ, ಮೈಯೆಲ್ಲ ಲವಂಗದ ವಾಸನೆ.

ಅವರು ಹೊಸದೊಂದು ಗುಳಿಗೆ ಮಾಡಿದ್ದಾರೆ. ಹೆಸರು "ಗಾರ್ಬಟ್ ನವಚೈತನ್ಯ ಗುಳಿಗೆ". ಡಬ್ಬಿಯ ಸುತ್ತಿನ ಕಾಗದದಲ್ಲಿ ಅದು ವಾಸಿ ಮಾಡುವ ಕಾಯಿಲೆಗಳ ಪಟ್ಟಿ ಇದೆ. ಪಿತ್ತ, ತಲೆನೋವು, ನಿಶ್ಶಕ್ತಿ, ನರಗಳ ದೌರ್ಬಲ್ಯ, ಕೀಲುನೋವು, ದುಃಖ.

"ದುಃಖಕ್ಕೂ ಆಗುತ್ತದೆಯೇ?" ಎಂದೆ.

"ದುಃಖ ಹುಟ್ಟೋದೇ ಹೊಟ್ಟೇಲಿ, ಮಿಸ್ ಪಾಕ್ಲಿ" ಅಂದರು, ಮುಖ ಸ್ವಲ್ಪವೂ ಸಡಿಲವಾಗದೆ.

ಡಬ್ಬಿಯ ಮುಚ್ಚಳಕ್ಕೆ ಅಡ್ಡಲಾಗಿ ಸರ್ಕಾರದ ಮುದ್ರೆಯ ಚೀಟಿ ಅಂಟಿಸಿದೆ. ಅದನ್ನು ನೋಡಿದ್ದೇ ನಮ್ಮ ಕೆಲಸದ ಡಾರ್ಕಸ್ ಎರಡು ಕೈ ಎದೆಗಿಟ್ಟುಕೊಂಡಳು. "ರಾಣಿಯಮ್ಮ ಮುದ್ರೆ ಒತ್ತವ್ಳೆ ಅಂದ್ಮೇಲೆ ಇನ್ನೇನೈತೆ ಅಮ್ಮೋರೆ! ರುಚಿ ನೋಡ್ದೆ ಒತ್ತಾಳಾ?" ನಮ್ಮೂರಲ್ಲಿ ಎಲ್ಲರೂ ಹೇಳುವುದು ಅದನ್ನೇ. ಗಾರ್ಬಟ್ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಟೋಪಿಯ ಮೇಲಿನ ಧೂಳು ಒರೆಸಿಕೊಂಡರು.

ಡಾರ್ಕಸ್ ಇಷ್ಟು ವರ್ಷ ನನ್ನ ಎದೆಗೆ ತಿಕ್ಕಿದ ಹೆಬ್ಬಾತಿನ ಕೊಬ್ಬಿನಲ್ಲಿ ಒಂದು ಮದುವೆಯ ಅಡುಗೆ ಮಾಡಬಹುದಿತ್ತು. ಹಣೆಗೆ ವಿನೆಗರಿನಲ್ಲಿ ಅದ್ದಿದ ಕಾಗದ, ಕಾಲುಚೀಲದೊಳಗೆ ಈರುಳ್ಳಿ, ಬೆನ್ನಿಗೆ ಸಾಸಿವೆ ಪಟ್ಟು, ಎಲ್ಲ ಆಗಿದೆ. ಈಗ ಇದೂ ಆಗಲಿ. ಗಾರ್ಬಟ್ಟರಿಗೆ ಬೇಕಾಗಿರುವುದು ಪತ್ರಿಕೆಯಲ್ಲಿ ಹಾಕಲು ಒಬ್ಬರ ಮಾತು, ಹೆಸರು ಬೀದಿ ಸಮೇತ. "ನಿಮ್ಮಂಥೋರು ಎದ್ದು ಕೂತ್ರೆ ಇಡೀ ಇಂಗ್ಲೆಂಡು ಎದ್ದು ಕೂತ್ಕೊಳತ್ತೆ" ಅಂದರು. ಡಬ್ಬಿ ಪುಕ್ಕಟೆ. ರಾಣಿಯೇ ಒಪ್ಪಿದ ಮೇಲೆ ಬೇಡ ಅನ್ನಲು ನಾನು ಯಾರು? ಮಲಗುವ ಮುಂಚೆ ಎರಡು ನುಂಗುತ್ತೇನೆ.

ಮಾರ್ಚ್ ೧೦, ಶುಕ್ರವಾರ

ಎದ್ದೆ! ಎದ್ದಿದ್ದಷ್ಟೇ ಅಲ್ಲ, ಓಡಿದೆ!!

ಬೆಳಗಿನ ಜಾವ ಹೊಟ್ಟೆಯಲ್ಲಿ ಗಿರಣಿ ಶುರುವಾಯಿತು. ಮಂಚದ ಕೆಳಗಿನ ಪಾತ್ರೆಯನ್ನು ಆ ಡಾರ್ಕಸ್ ಪುಣ್ಯಾತ್ಗಿತ್ತಿ ತೊಳೆಯಲು ಒಯ್ದಿದ್ದಳು. ಕೂಗಿದೆ, ಯಾರೂ ಬರಲಿಲ್ಲ. ಇನ್ನೊಂದು ನಿಮಿಷ ತಡೆದಿದ್ದರೆ ಮಾನ ಹೋಗುತ್ತಿತ್ತು. ಪಡಸಾಲೆ ದಾಟಿ, ಅಡುಗೆಮನೆ ದಾಟಿ, ಮಂಜು ಬಿದ್ದ ಹಿತ್ತಲಲ್ಲಿ ಬರಿಗಾಲಲ್ಲಿ ಓಡಿ ಪಾಯಿಖಾನೆ ಸೇರಿದೆ. ಹಾಲು ತರುತ್ತಿದ್ದ ಡಾರ್ಕಸ್ ನನ್ನನ್ನು ನೋಡಿ ಕ್ಯಾನು ಕೆಳಗೆ ಹಾಕಿದಳು. "ಅಮ್ಮೋರೆ, ಕಾಲು! ನಿಮ್ ಕಾಲು!" ಅಂತ ಹೊರಗೆ ನಿಂತು ಅಳುತ್ತಿದ್ದಳು. ಒಳಗೆ ನಾನೂ ಅಳುತ್ತಿದ್ದೆ, ಅದಕ್ಕೆ ಕಾರಣ ಬೇರೆ.

ವಾಪಸು ಬಂದದ್ದೂ ನಡೆದೇ. ಅಬ್ಬಾ, ಎಂಥ ಔಷಧಿ!

ಮಾರ್ಚ್ ೧೪, ಮಂಗಳವಾರ

ಬೆಳಗಿನಿಂದ ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು ಗಾರ್ಬಟ್ಟರಿಗೆ ಕೊಡುವ ಬರಹ ಬರೆದೆ. ಮಲಗಿಕೊಂಡು ಬರೆದರೆ ಅಕ್ಷರ ಸೊಟ್ಟಗಾಗುತ್ತದೆ, ಅಚ್ಚಾಗುವ ಬರಹ ಹಾಗಿದ್ದರೆ ಹೇಗೆ? ಹರಿದು ಹರಿದು ಮತ್ತೆ ಬರೆದೆ. "ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದ ನಾನು ಗಾರ್ಬಟ್ಟರ ಗುಳಿಗೆ ಸೇವಿಸಿದ ಮರುದಿನ ಬೆಳಿಗ್ಗೆಯೇ ಯಾರ ಸಹಾಯವೂ ಇಲ್ಲದೆ ಎದ್ದು ಓಡಿದೆ." ಒಂದಕ್ಷರ ಸುಳ್ಳಿಲ್ಲ. ಎಲ್ಲಿಗೆ ಓಡಿದೆ ಅಂತ ಯಾರೂ ಕೇಳಿಲ್ಲ, ನಾನು ಹೇಳಿಲ್ಲ.

ಗಾರ್ಬಟ್ ಓದಿ ಕನ್ನಡಕ ತೆಗೆದರು. "ಮಿಸ್ ಪಾಕ್ಲಿ, ನಿಮ್ಮ ಕೈಯಲ್ಲಿ ಏನೋ ಇದೆ" ಅಂದರು. ಕೈಯಲ್ಲಿ ಮಸಿ ಇತ್ತು. ಆದರೂ ಖುಷಿಯಾಯಿತು.

ಗುಳಿಗೆ ಮತ್ತೆ ಮುಟ್ಟಿಲ್ಲ. ಅಂಥ ಹೊಟ್ಟೆ ಕಿವುಚಾಟ ನನ್ನ ಕೈಲಾಗದು. ಎರಡರ ಶಕ್ತಿಯೇ ಇನ್ನೂ ಇಳಿದಿಲ್ಲ, ಮೇಲೆ ಮೇಲೆ ಯಾಕೆ?

ಏಪ್ರಿಲ್ ೧, ಶನಿವಾರ

ಅಚ್ಚಾಗಿದೆ! ನನ್ನ ಹೆಸರು! "ಮಿಸ್ ಡ್ರುಸಿಲಾ ಪಾಕ್ಲಿ, ಚರ್ಚಿನ ಬೀದಿ, ಮಾರ್ಲ್‌ಬೆಕ್" ಅಂತ ದಪ್ಪ ಅಕ್ಷರದಲ್ಲಿ! ಮೇಲೆ ಒಂದು ಚಿತ್ರ ಬೇರೆ. ಹೆಂಗಸೊಬ್ಬಳು ಹಾಸಿಗೆಯಿಂದ ಎದ್ದು ಆಕಾಶದ ಕಡೆ ಕೈ ಚಾಚಿದ್ದಾಳೆ. ಮೂಗು ನನ್ನದಲ್ಲ, ನನ್ನದಕ್ಕಿಂತ ಚೆನ್ನಾಗಿದೆ.

ಅಣ್ಣ ಪತ್ರಿಕೆಯನ್ನು ಜೇಬಿನಲ್ಲಿಟ್ಟುಕೊಂಡು ಸಂತೆಯಲ್ಲೆಲ್ಲ ತೋರಿಸಿಕೊಂಡು ಬಂದನಂತೆ. ಅತ್ತಿಗೆಯೂ ಓದಿದಳು. "ಎದ್ದು ಓಡಿದೆ ಅಂತ ಬರ್ದಿದೀಯಲ್ಲ, ಎಲ್ಲಿಗೇಂತ ಬರೀಲಿಲ್ವಲ್ಲ" ಅಂದಳು. "ಮುಂದಿನ ವಾರ ಬರೀತೀನಿ ಅತ್ತಿಗೆ, ನಿಮ್ಮ ಹಿತ್ತಲಿನ ಹೆಸರೂ ಬರಲಿ" ಅಂದೆ. ನಾವಿಬ್ಬರೂ ಒಟ್ಟಿಗೆ ನಕ್ಕೆವು. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಏಪ್ರಿಲ್ ೧೯, ಬುಧವಾರ

ಪುರುಸೊತ್ತಿಲ್ಲ. ಕಾಗದದ ಮೇಲೆ ಕಾಗದ! ವೇಲ್ಸಿನಿಂದ, ಸ್ಕಾಟ್ಲೆಂಡಿನಿಂದ, ಹಡಗಿನ ಕಪ್ತಾನನ ಹೆಂಡತಿಯಿಂದ. ಗುಳಿಗೆಯನ್ನು ಊಟಕ್ಕೆ ಮೊದಲು ತಿನ್ನಬೇಕೋ ಆಮೇಲೋ? ಅಗಿಯಬೇಕೋ ನುಂಗಬೇಕೋ? ಒಬ್ಬ ಪಾದ್ರಿ, ನಿಮಗೆ ಮದುವೆಯಾಗಿದೆಯೇ ಎಂದು ಕೇಳಿದ್ದಾರೆ! ಎಲ್ಲಕ್ಕೂ ಉತ್ತರ ಬರೆದು ನಾನೇ ಅಂಚೆ ಕಚೇರಿಗೆ ಒಯ್ಯುತ್ತೇನೆ. ಡಾರ್ಕಸ್ ಕೈಗೆ ಕೊಟ್ಟರೆ ಮೀನಿನಂಗಡಿಯಲ್ಲಿ ಮಾತಾಡುತ್ತಾ ಮರೆತುಬರುತ್ತಾಳೆ. ಅಂಚೆ ಕಚೇರಿ ಇರುವುದು ದಿಬ್ಬದ ಮೇಲೆ, ದಿನಕ್ಕೆ ಎರಡು ಸಲವಾದರೂ ಹತ್ತಿ ಇಳಿಯಬೇಕು.

ಹೋದ ತಿಂಗಳು ತಾನೇ ಹೊಲಿಸಿದ ಬೂಟಿನ ಅಟ್ಟೆ ಆಗಲೇ ಸವೆದುಹೋಗಿದೆ. ಎಂಥ ಮೋಸದ ಕೆಲಸ! ಬೂಟಿನವನಿಗೆ ಚೆನ್ನಾಗಿ ಬೈದು ಬರಬೇಕು.

ಆಶ್ರಮದ ಮಾತು ಈಗ ಯಾರೂ ಎತ್ತುವುದಿಲ್ಲ. "ಮನೇಲಿ ಕಾಲೇ ನಿಲ್ಲಲ್ವಲ್ಲೇ ನಿಂಗೆ!" ಅಂತ ಅತ್ತಿಗೆ ಹೊಸ ದೂರು ಶುರುಮಾಡಿದ್ದಾಳೆ.

ಮೇ ೬, ಶನಿವಾರ

ಶನಿವಾರ ಸಂತೆ. ಗಾರ್ಬಟ್ಟರ ಅಂಗಡಿಯಲ್ಲಿ ಕಿಟಕಿಯ ಬಳಿ ನನಗೆ ಅಂತಲೇ ವೆಲ್ವೆಟ್ ಕುರ್ಚಿ. ಜನ ತುಂಬಿದಾಗ ಗಾರ್ಬಟ್ ಗಂಟಲು ಸರಿಮಾಡಿಕೊಂಡು "ಮಿಸ್ ಪಾಕ್ಲಿಯವರು ದಯವಿಟ್ಟು..." ಅನ್ನುತ್ತಾರೆ. ನಾನು ಕುರ್ಚಿಯ ಕೈ ಹಿಡಿಯದೆ ಮೆಲ್ಲಗೆ ಏಳುತ್ತೇನೆ. ನಿಲ್ಲುತ್ತೇನೆ. ಬಾಗಿಲಿನವರೆಗೆ ನಡೆದು ತಿರುಗುತ್ತೇನೆ. ಹೆಂಗಸರು ಶಾಲಿನ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಮೊದಲ ಸಲ ಸುಮ್ಮನೆ ಎದ್ದೆ. ಈಗ ಏಳುವ ಮೊದಲು ಸ್ವಲ್ಪ ತಡೆಯುತ್ತೇನೆ, ಕಣ್ಣು ಮುಚ್ಚುತ್ತೇನೆ, ಆಮೇಲೆ ಏಳುತ್ತೇನೆ. ಹಾಗೆ ಮಾಡಿದರೆ ಜನ ಉಸಿರು ಬಿಗಿಹಿಡಿಯುತ್ತಾರೆ. ಏನು ಮಜಾ!

ಗಾರ್ಬಟ್ ಇವತ್ತು ಹೊಸ ಕೋಟು ಹಾಕಿದ್ದರು. ಚಹಾ ಕುಡಿಯುವಾಗ ಗುಳಿಗೆಯಲ್ಲಿ ಏನೇನಿದೆ ಎಂದು ಕೇಳಿದೆ. ಮೊದಲು ಗುಟ್ಟು ಅಂದರು, ಆಮೇಲೆ ನಕ್ಕು ಹೇಳಿಯೇಬಿಟ್ಟರು. ಲೋಳೆಸರದ ರಸ, ಶುಂಠಿ, ಸಾಬೂನು. "ಸಾಬೂನಾ?" ಅಂದೆ. "ಉಂಡೆ ಕಟ್ಟೋಕೆ ಮಿಸ್. ಏನಾದ್ರೂ ಹಿಡ್ಕೋಬೇಕಲ್ಲ" ಅಂದರು. ದೇವರು ಸಾಬೂನಿನಲ್ಲೂ ಎಂಥ ಶಕ್ತಿ ಇಟ್ಟಿದ್ದಾನೆ!

ಮೇ ೨೧, ಭಾನುವಾರ, ಬೆಳಿಗ್ಗೆ

ಬರೆಯುತ್ತಿರುವುದು ಮನೆಯಲ್ಲಿ ಕೂತಲ್ಲ. ದೊಡ್ಡ ಊರಿನ ಗಿರಣಿ ಕೇರಿಯಲ್ಲಿ, ನಿನ್ನೆಯವರೆಗೆ ಹೆಸರೂ ಗೊತ್ತಿರದಿದ್ದ ಒಬ್ಬಳ ಕೋಣೆಯಲ್ಲಿ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ನಿನ್ನೆ ಅಂಗಡಿ ತುಂಬ ಸಂತೆಯ ಜನ. ಬಾಗಿಲಿಗೆ ಬಾಡಿಗೆ ಗಾಡಿಯೊಂದು ಬಂದು ನಿಂತಿತು. ಮರದ ಮೆಟ್ಟು ಹಾಕಿದ ದಪ್ಪ ಹೆಂಗಸೊಬ್ಬಳು ಜನರನ್ನು ಮೊಣಕೈಯಿಂದ ತಳ್ಳಿಕೊಂಡು ಒಳಗೆ ಬಂದಳು. ಅವಳ ಹಿಂದೆ ಇಬ್ಬರು ಗಂಡಸರು ಕುರ್ಚಿಯ ಸಮೇತ ಒಂದು ಹುಡುಗಿಯನ್ನು ಎತ್ತಿಕೊಂಡು ಬಂದರು. ಹದಿನೇಳರ ಹುಡುಗಿ. ಹೆಸರು ಕೆಜಾಯಾ ಥ್ಯಾಕ್ರೆ, ನಾರಿನ ಗಿರಣಿಯಲ್ಲಿ ಒದ್ದೆ ನೆಲದ ಮೇಲೆ ನಿಂತು ನೂಲು ತೆಗೆಯುವ ಕೆಲಸ. ಮಂಡಿ ಕೋಸಿನ ಗಾತ್ರ ಊದಿತ್ತು. ಸುತ್ತಿದ ಬಟ್ಟೆಯಿಂದ ಬರುತ್ತಿದ್ದ ವಾಸನೆಗೆ ಪಕ್ಕದಲ್ಲಿದ್ದವರು ಹಿಂದೆ ಸರಿದರು.

"ಪೇಪರ್ನಾಗೆ ಬಂದೋರು ನೀವೇ ಅಲ್ವಾ ತಾಯಿ?" ಎಂದಳು ಆ ಹೆಂಗಸು. ಅವಳೇ ಹುಡುಗಿಯ ತಾಯಿ.

"ನಾನೇ."

"ಎದ್ ತೋರ್ಸಿ."

ಎದ್ದೆ. ಕಣ್ಣು ಮುಚ್ಚಿ, ತಡೆದು, ಎಲ್ಲ ಮಾಡಿ ಎದ್ದೆ. ಅದನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಬೇಕು ಅನ್ನಿಸುತ್ತದೆ.

ಆ ತಾಯಿ ಗೊಳೋ ಅಂತ ಅತ್ತಳು. "ನೋಡ್ದೇನೇ ಕೆಜಾಯಾ! ಹೇಳಿರ್ಲಿಲ್ವಾ ನಾನು! ಆಸ್ಪತ್ರೆ ಡಾಕ್ಟ್ರು ಬರೋ ಸೋಮವಾರ ಕಾಲು ತೆಗೀಬೇಕು, ತೆಗೀದಿದ್ರೆ ನಂಜು ಮೇಲೇರಿ ಹುಡ್ಗಿ ಉಳಿಯಾಕಿಲ್ಲ ಅಂತಾನೆ. ಕಾಲಿಲ್ದೋಳನ್ನ ಗಿರಣೀಲಿ ಯಾರು ಇಟ್ಕೋತಾರೆ, ಯಾವನು ಕಟ್ಕೋತಾನೆ? ಬರಾಕಿಲ್ಲ ಹೋಗು ಅಂದ್ಬುಟ್ಟು ನಿಮ್ಮತ್ರ ಬಂದೀವ್ನಿ. ಹೇಳಿ ತಾಯಿ, ನೀವು ಎಷ್ಟು ಡಬ್ಬಿ ತಿಂದ್ರಿ? ಅಷ್ಟೇ ತಿನ್ನಿಸ್ತೀನಿ."

ಅಷ್ಟು ಕಾಗದ ಬರೆದವರಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ.

"ಎರಡು" ಎಂದೆ.

"ಎರಡು ಡಬ್ಬೀನಾ?"

"ಎರಡು ಗುಳಿಗೆ."

ಆ ಮಾತು ಮೊದಲ ಸಲ ನನ್ನ ಕಿವಿಗೇ ಬಿತ್ತು. ಎರಡು ಗುಳಿಗೆ, ಅದೂ ಮಾರ್ಚ್ ತಿಂಗಳಲ್ಲಿ. ಅವು ನನ್ನ ಹೊಟ್ಟೆಯಲ್ಲಿ ಬೆಳಗಿನವರೆಗೂ ಉಳಿದಿರಲಿಲ್ಲ. ಮತ್ತೆ ದಿಬ್ಬ ಹತ್ತಿದವಳು ಯಾರು? ದಿನಾ ಬೆಳಿಗ್ಗೆ ಎದ್ದವಳು ಯಾರು?

ಅಂಗಡಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಾಂಸದಂಗಡಿಯ ಹಾಬ್ಸನ್ ಕೂಗಿದ: "ಹಂಗಾದ್ರೆ ಒಂಬತ್ತು ವರ್ಷ ರಜಾ ಹಾಕಿದ್ರಾ ಮಿಸ್ಸು?" ಗೊಳ್ಳೆಂದರು ಎಲ್ಲರೂ. ಬಾಗಿಲಲ್ಲಿ ಅಣ್ಣ ನಿಂತಿದ್ದ. ಅವನ ಮುಖ ಕಿಟಕಿಯ ಕೆಂಪು ಬುರುಡೆಯ ಬಣ್ಣಕ್ಕೆ ತಿರುಗಿತ್ತು.

ಗಾರ್ಬಟ್ ನನ್ನ ಹತ್ತಿರ ಬಂದು ಮೆತ್ತಗೆ ಹೇಳಿದರು: "ಮಿಸ್ ಪಾಕ್ಲಿ, ಕೂತ್ಕೊಳ್ಳಿ. ನಿಮಗೆ ಹುಷಾರಿಲ್ಲ."

ನಿಜ ಹೇಳುತ್ತೇನೆ, ಮಂಡಿ ನಡುಗಿತು. ಹಿಂದೆಯೇ ಕುರ್ಚಿ. ಕೂತುಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಪಾಪ, ಕಾಯಿಲೆ ಮರುಕಳಿಸಿತು, ಏನೋ ಬಡಬಡಿಸಿದಳು ಅನ್ನುತ್ತಿದ್ದರು. ಅಣ್ಣ ಎತ್ತಿಕೊಂಡು ಮನೆಗೆ ಒಯ್ಯುತ್ತಿದ್ದ. ಡಾರ್ಕಸ್ ಕೊಬ್ಬು ಕಾಯಿಸುತ್ತಿದ್ದಳು. ಯಾರೂ ನಗುತ್ತಿರಲಿಲ್ಲ. ಕೂರಲೇ ಅನ್ನಿಸಿತು. ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಕೂರಲಿಲ್ಲ.

"ನೋಡೀಮ್ಮ" ಎಂದೆ ಆ ತಾಯಿಗೆ. "ನನ್ನ ಕಾಲಿಗೆ ಏನೂ ಆಗಿರ್ಲಿಲ್ಲ. ಏಳು ಅನ್ನೋರಿಲ್ದೆ ಮಲಗಿದ್ದೆ. ನಿಮ್ಮ ಮಗಳ ಕಾಲಲ್ಲಿ ಕೀವು ತುಂಬಿದೆ. ಗುಳಿಗೆಯಿಂದ ಏನೂ ಆಗಲ್ಲ. ಈಗ್ಲೇ ಆಸ್ಪತ್ರೆಗೆ ಕರ್ಕೊಂಡ್ ಹೋಗಿ."

ನಂಬಿದಳೇ? ಇಲ್ಲ! ಪತ್ರಿಕೆಯಲ್ಲಿ ಬಂದ ಅರ್ಧ ಮಾತನ್ನು ನಂಬಿ ಅಷ್ಟು ದೂರ ಬಂದವಳು, ಎದುರಿಗೆ ನಿಂತು ಪೂರ್ತಿ ಹೇಳಿದರೆ ನಂಬಲಿಲ್ಲ. "ಓಹೋ! ನೀವು ಎದ್ರಿ, ನನ್ ಮಗಳು ಏಳ್ಬಾರ್ದು! ಬಡವ್ರು ಅಂತ ತಾನೇ? ಸುಳ್ಳಾಗಿದ್ರೆ ರಾಣಿಯಮ್ಮ ಮುದ್ರೆ ಯಾಕ್ ಒತ್ತಿದ್ಲು? ರಾಣಿಗಿಂತ ನಿಮಗೆ ಜಾಸ್ತಿ ಗೊತ್ತಾ?" ಎಂದು ಡಬ್ಬಿಯನ್ನು ನನ್ನ ಮೂಗಿಗೆ ಹಿಡಿದಳು.

ನಾನು ಗಾರ್ಬಟ್ಟರ ಕಡೆ ತಿರುಗಿದೆ. "ನೀವೇ ಹೇಳಿ. ಆ ಮುದ್ರೆ ಏನು?"

ಅವರು ಕೈ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. ಹುಡುಗಿಯ ಮಂಡಿಯನ್ನು ನೋಡಿದರು.

"ಅದು ಸುಂಕದ ಮುದ್ರೆ ಕಣಮ್ಮ" ಎಂದರು ಕೊನೆಗೆ. "ಇಸ್ಪೀಟ್ ಎಲೆ ಮೇಲೂ ಇರತ್ತೆ ಅಂಥದ್ದು. ಸುಂಕ ಕಟ್ಟಿದ್ದಕ್ಕೆ ಗುರುತು, ಅಷ್ಟೆ. ಡಬ್ಬಿ ಒಳಗೆ ಏನಿದೆ ಅಂತ ರಾಣಿಗೂ ಗೊತ್ತಿಲ್ಲ, ಅವಳ ಮಂತ್ರಿಗೂ ಗೊತ್ತಿಲ್ಲ." ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಕರ್ಕೊಂಡು ಹೋಗಿ. ನಮ್ಮ ಮನೆ ಮಗಳಾಗಿದ್ರೂ ಅದನ್ನೇ ಮಾಡ್ತಿದ್ದೆ" ಎಂದರು.

ಅಂಗಡಿಯಲ್ಲಿ ಒಬ್ಬರೂ ನಗಲಿಲ್ಲ. ಸಂತೆಯಲ್ಲಿ ಇಸ್ಪೀಟು ಆಡದವರು ಯಾರಿದ್ದಾರೆ? ಆದರೆ ಆ ತಾಯಿ ಮಾತ್ರ ಡಬ್ಬಿ ಬಿಡಲಿಲ್ಲ. "ಎಲ್ಲಾ ಒಂದಾಗಿದೀರಿ" ಎಂದು ಅಳುತ್ತಾ ನಿಂತಳು.

ಆಗ ನಾನು ಬಗ್ಗಿ ಹುಡುಗಿಯನ್ನೇ ಕೇಳಿದೆ. ಅಷ್ಟು ಹೊತ್ತು ಅವಳನ್ನು ಯಾರೂ ಕೇಳಿರಲಿಲ್ಲ. "ನಿನಗೇನು ಬೇಕು ಕೆಜಾಯಾ?"

"ಬದುಕ್ಬೇಕು ಮಿಸ್" ಎಂದಳು. "ನೋವು ತಡೆಯಾಕಾಯ್ತಿಲ್ಲ. ನಂಗೆ ಬದುಕ್ಬೇಕು. ನೀವೂ ಬನ್ನಿ ಮಿಸ್. ನೀವಿದ್ರೆ ಅವ್ವ ಬರ್ತಾಳೆ. ಹೆಂಗೂ ನೀವು ಪೇಪರ್ನಾಗೆ ಬಂದೋರಲ್ವಾ."

ಗಾಡಿ ಹತ್ತಿದೆ. ಟೋಪಿ ಇಲ್ಲ, ಕೈಗವಸು ಇಲ್ಲ. ಅಣ್ಣ ಗಾಡಿಯ ಪಕ್ಕ ಓಡುತ್ತಾ "ಡ್ರುಸಿಲಾ, ಇಳಿ! ಊರೋರ ಮುಂದೆ ನನ್ನ ಮರ್ಯಾದೆ ತೆಗೀಬೇಡ!" ಎಂದ. ಗಾಡಿಯೊಳಗೆ ಹುಲ್ಲಿನ ಮೇಲೆ ಮಲಗಿದ್ದ ಹುಡುಗಿಯ ತಲೆ ನನ್ನ ತೊಡೆಯ ಮೇಲಿತ್ತು. ಹೇಗೆ ಇಳಿಯಲಿ?

ಮೇ ೨೩, ಮಂಗಳವಾರ

ಬದುಕಿದ್ದಾಳೆ. ಶನಿವಾರ ರಾತ್ರಿಯೇ ಆಸ್ಪತ್ರೆಗೆ ಸೇರಿಸಿದ್ದೆವು, ನಿನ್ನೆ ಕಾಲನ್ನು ತೊಡೆಯ ಅರ್ಧಕ್ಕೆ ತೆಗೆದರು. ಕ್ಲೋರೋಫಾರಂ ಕೊಡುವವರೆಗೆ ನನ್ನ ಕೈ ಹಿಡಿದಿದ್ದಳು. ಒಳಗೆ ಬಿಡಲಿಲ್ಲ. ಬಾಗಿಲ ಹೊರಗೆ ನಿಂತೆ. ಅವಳ ತಾಯಿ ಥ್ಯಾಕ್ರೆಯಮ್ಮ ನನಗೆ ಬೆನ್ನು ಹಾಕಿ ನಿಂತಿದ್ದಳು. ಆಮೇಲೆ ಇದ್ದಕ್ಕಿದ್ದಂತೆ ನನ್ನ ಭುಜಕ್ಕೆ ತಲೆಯಿಟ್ಟು ಅತ್ತಳು, ನಾನೂ ಅತ್ತೆ.

ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಅಂದರಂತೆ ಸರ್ಜನ್ನರು. ದೇವರೇ. ದೇವರೇ.

ಮೇ ೩೧, ಬುಧವಾರ

ಜ್ವರ ಇಳಿದಿದೆ! ಇವತ್ತು ಸೂಪು ಕುಡಿದು "ಉಪ್ಪಿಲ್ಲ" ಎಂದಳು! ವಾರ್ಡಿನಲ್ಲಿ ಕುಣಿಯಬಾರದು ಎಂಬ ನಿಯಮವಿಲ್ಲದಿದ್ದರೆ ಕುಣಿಯುತ್ತಿದ್ದೆ.

ಥ್ಯಾಕ್ರೆಯಮ್ಮ ನನ್ನನ್ನು ಮೂಲೆಗೆ ಕರೆದಳು. "ಒಂದ್ ಮಾತು ತಾಯಿ. ಡಾಕ್ಟ್ರಿಗೆ ಹೇಳ್ಬೇಡಿ. ಆಪ್ರೇಸನ್ ಹಿಂದಿನ ದಿನ ನಾನು ಅವಳಿಗೆ ನಾಲ್ಕು ಗುಳಿಗೆ ನುಂಗ್ಸಿದ್ದೆ. ಅದಕ್ಕೇ ಉಳಿದ್ಲು. ನೀವು ಚೆಂದಾಗಿ ಬರೀತೀರಂತಲ್ಲ, ಪೇಪರ್‌ಗೆ ಬರ್ಕೊಡಿ. ಮಗಳ ಚಿತ್ರಾನೂ ಹಾಕ್ಲಿ."

ನನಗೆ ಎಲ್ಲಿತ್ತೋ ಸಿಟ್ಟು! ವಾರ್ಡು ಅನ್ನುವುದನ್ನೂ ಮರೆತು ಕಿರುಚಿದೆ. "ಅಲ್ರೀ, ಅವಳಿಗೆ ಭೇದಿ ಮಾಡಿಸಿ ಇನ್ನಷ್ಟು ಸುಸ್ತು ಮಾಡಿದ್ರಲ್ರೀ! ಕಾಲು ಕೊಟ್ಟು ಬದುಕಿದವಳು ಅವಳು! ತೆಗೆದವರು ಡಾಕ್ಟ್ರು! ಆ ಸಾಬೂನು ಉಂಡೆಗೆ ಯಾಕ್ರೀ ಹೆಸರು?" ಸಾಲು ಮಂಚಗಳಿಂದೆಲ್ಲ ತಲೆಗಳು ಎದ್ದವು. ನರ್ಸಮ್ಮ ಓಡಿಬಂದು ನನ್ನನ್ನು ಹೊರಗೆ ಹಾಕಲು ನೋಡಿದಳು. ಕೆಜಾಯಾ ಮಾತ್ರ ಬಂದಾಗಿನಿಂದ ಮೊದಲ ಸಲ ಗಟ್ಟಿಯಾಗಿ ನಕ್ಕಳು. "ಅವ್ವ, ಮಿಸ್ ಹೇಳಿದ್ನ ಕೇಳು. ಇಲ್ದಿದ್ರೆ ನಿಂಗೇ ನಾಲ್ಕು ನುಂಗ್ಸ್ತಾರೆ" ಅಂದಳು.

ಅಣ್ಣ ಬಂದಿದ್ದ. ಊರಲ್ಲಿ ತಲೆ ಎತ್ತುವ ಹಾಗಿಲ್ಲವಂತೆ. ಪತ್ರಿಕೆಯಿಂದ ನನ್ನ ಹೆಸರು ತೆಗೆಸಿದ್ದಾರಂತೆ ಗಾರ್ಬಟ್. ಹಾಬ್ಸನ್ ದಿನಾ ಅಂಗಡಿ ಮುಂದೆ ಹಲ್ಲು ಕಿರಿಯುತ್ತಾನಂತೆ. "ಮನೆಗೆ ಬಾ. ಬಂದು ಮಲಗ್ಕೋ. ಆರು ತಿಂಗಳು ಮಲಗ್ಕೊಂಡ್ರೆ ಎಲ್ಲ ಸರಿಹೋಗತ್ತೆ. ಪಾಪ, ಮೈಯಲ್ಲಿ ಸರಿಯಿರ್ಲಿಲ್ಲ ಅಂತ ನಾನೇ ಎಲ್ರಿಗೂ ಹೇಳ್ತೀನಿ" ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು, ಪಾಪ.

ಆಗೊಲ್ಲ ಅಣ್ಣ ಎಂದೆ. ನಾಕನೇ ಮಂಚದ ಅಜ್ಜಿಗೆ ಮಗನಿಗೆ ಕಾಗದ ಬರೆಸಬೇಕಂತೆ. ಏಳನೇ ಮಂಚದವಳಿಗೆ ದಿನಾ ಓದಿ ಹೇಳಬೇಕು. ಇವನ್ನೆಲ್ಲ ಬಿಟ್ಟು ಮಲಗಲು ಎಲ್ಲಿದೆ ಪುರುಸೊತ್ತು?

ಜೂನ್ ೧೭, ಶನಿವಾರ

ಇವತ್ತು ಕೆಜಾಯಾಳಿಗೆ ಊರುಗೋಲು ಬಂತು. ಬಡಗಿ ಅವಳ ಎತ್ತರಕ್ಕೆ ಸರಿಯಾಗಿ ಮಾಡಿ ತಂದಿದ್ದ. ಎಲ್ಲ ಮಂಚದವರೂ ನೋಡುತ್ತಿದ್ದರು. ಥ್ಯಾಕ್ರೆಯಮ್ಮ ನೋಡಲಾರೆ ಎಂದು ಗೋಡೆಗೆ ಮುಖ ಮಾಡಿ ನಿಂತಳು.

ಹುಡುಗಿ ಮಂಚದ ಅಂಚಿಗೆ ಜರುಗಿ ಒಂದು ಕಾಲನ್ನು ನೆಲಕ್ಕೆ ಇಟ್ಟಳು. ಮುಖ ಸುಣ್ಣದ ಹಾಗಾಯಿತು. "ಆಗಾಕಿಲ್ಲ ಮಿಸ್. ತಲೆ ಸುತ್ತತೈತೆ. ಮಂಡಿ ನಡುಗತೈತೆ. ನಾಳೆ ನೋಡಾಣ" ಎಂದಳು.

"ನಾಳೆ ಬೇಡ" ಎಂದೆ. "ಏಳು."

ಅವಳು ಊರುಗೋಲನ್ನು ಒಂದು ಕಡೆ ಊರಿ, ಇನ್ನೊಂದು ಕೈಯನ್ನು ನನ್ನ ಭುಜದ ಮೇಲೆ ಹಾಕಿದಳು. ಪೂರ್ತಿ ಭಾರ ನನ್ನ ಮೇಲೆ ಬಂತು. ಗಿರಣಿಯ ಹುಡುಗಿ, ಗಟ್ಟಿ ಮೂಳೆ.

"ಬಿಗಿಯಾಗ್ ನಿಲ್ಲಿ ಮಿಸ್" ಎಂದಳು ಹಲ್ಲು ಕಚ್ಚಿಕೊಂಡು. "ನೀವು ಅಲ್ಲಾಡಿದ್ರೆ ನಾನು ಬಿದ್ದೋಯ್ತೀನಿ."

ನಾನು ಅಲ್ಲಾಡಲಿಲ್ಲ.